ಒರೆಸಬಾರದ ಗುರುತು

ಮೈದುನ ಒದ್ದೆ ಬಟ್ಟೆಯನ್ನು ಅಣ್ಣನ ಎದೆಯ ಮೇಲೆ ಇಡುವಷ್ಟರಲ್ಲಿ ಅವಳು ಅವನ ಮಣಿಕಟ್ಟು ಹಿಡಿದಳು.

“ಅಲ್ಲಿ ಬೇಡ. ಗುರುತು ಹೋಗುತ್ತೆ.”

ಟೈಲರ್ ಅಂಗಡಿ ಇಟ್ಟಿದ್ದ ಗಂಡನ ಎದೆಯ ಮೇಲೆ ಆಸ್ಪತ್ರೆಯವರು ನೇರಳೆ ಶಾಯಿಯಲ್ಲಿ ಎಳೆದ ಗೆರೆಗಳಿದ್ದವು. ವಿಕಿರಣ ದಿನಾ ಅದೇ ಜಾಗಕ್ಕೆ ಬೀಳಬೇಕೆಂದು ಹಾಕಿದ್ದು. ಚಿಕಿತ್ಸೆ ಮುಗಿಯುವವರೆಗೆ ಅಳಿಸಬಾರದೆಂದು ತಾಕೀತು ಮಾಡಿದ್ದರು. ಅಂದಿನಿಂದ ಗಂಡನಿಗೆ ಸ್ನಾನ ಮಾಡಿಸುವಾಗ ಅಲ್ಲಿ ನೀರು ತಾಗದಂತೆ ಅವಳೇ ಕಾದಿದ್ದಳು.

“ಅತ್ತಿಗೆ, ಇನ್ನೆಲ್ಲಿಯ ಗುರುತು? ಹೊರಗೆ ಸ್ಮಶಾನದ ಗಾಡಿ ಬಂದು ನಿಂತಿದೆ.”

“ಇನ್ನೂ ಎರಡು ವಾರ ಬಾಕಿ ಇತ್ತಲ್ಲಪ್ಪಾ.”

ಮೈದುನ ಬಟ್ಟೆಯನ್ನು ಬಿಸಿನೀರಿನ ಬಕೆಟ್ಟಿಗೆ ಹಾಕಿದ. ಅಣ್ಣನ ಮಗಳು ಟವೆಲ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು; ಅವಳ ಕಡೆ ನೋಡಿದ.

“ಬಿಡಮ್ಮ,” ಎಂದಳು ಮಗಳು.

“ನೀನೇ ಹೇಳು. ಗಡ್ಡೆ ಅರ್ಧ ಕರಗಿದೆ ಅಂತ ಹೋದ ವಾರ ಡಾಕ್ಟರು ಹೇಳಿದ್ರೋ ಇಲ್ವೋ?”

“ಹೇಳಿದ್ರು. ಅದೇನು ಸುಳ್ಳಲ್ಲ. ಶ್ವಾಸಕೋಶಕ್ಕೆ ಸೋಂಕು ತಗುಲ್ತು. ತಡ್ಕೊಳ್ಳೋ ಶಕ್ತಿ ಇರ್ಲಿಲ್ಲ.”

“ಅಂದ್ರೆ ಔಷಧಿ ಕೆಲಸ ಮಾಡ್ತು.”

“ಮಾಡ್ತು.”

“ಮತ್ತೆ ಇವರ್ಯಾಕೆ ಹೀಗೆ ಮಲಗಿದಾರೆ?”

ಮಗಳು ಮಡಿಸಿದ್ದ ಟವೆಲ್ ಬಿಚ್ಚಿ ಮತ್ತೆ ಮಡಿಸಿದಳು.

*

ಗಡ್ಡೆ ಇದ್ದದ್ದು ಅನ್ನನಾಳದಲ್ಲಿ. ಮಾಮೂಲಿ ಕೀಮೋ, ವಿಕಿರಣ ಸಾಕು ಎಂದಿದ್ದ ಟೈಲರ್. ಹೊಸ ಔಷಧಿಗೆ ಒಪ್ಪಿಸಿದ್ದು ಅವಳು. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳೊಳಗೆ ಔಷಧಿ ತುಂಬಿ ಬಿಡುತ್ತೇವೆ, ಅವು ಹೆಚ್ಚಾಗಿ ಗಡ್ಡೆಯಲ್ಲೇ ಸೇರಿಕೊಳ್ಳುತ್ತವೆ, ಆಮೇಲೆ ಬಿದ್ದ ವಿಕಿರಣ ಅಲ್ಲಿ ಜೋರಾಗಿ ತಾಗುತ್ತದೆ, ಉಳಿದ ಮೈಗೆ ಪೆಟ್ಟು ಕಡಿಮೆ ಎಂದು ಡಾಕ್ಟರು ವಿವರಿಸಿದ್ದರು.

“ಅಷ್ಟು ಸಣ್ಣದು ದಾರಿ ತಪ್ಪಿದ್ರೆ ಹುಡ್ಕೋರ್ಯಾರು? ನನ್ನ ಅಂಗಡೀಲಿ ಬಿದ್ದ ಸೂಜಿನೇ ಸಿಗಲ್ಲ.”

“ಬಾಯಿ ಮುಚ್ಕೊಂಡು ಒಪ್ಕೊಳ್ಳಿ,” ಎಂದಿದ್ದಳು.

ಗೆರೆ ಎಳೆದ ದಿನ ಮನೆಗೆ ಬಂದವನೇ ಅಂಗಿಯ ಗುಂಡಿ ಬಿಚ್ಚಿ ತೋರಿಸಿದ್ದ. “ನೋಡೇ, ಊರವರ ಬಟ್ಟೆಗೆಲ್ಲ ನಾನು ಗುರುತು ಹಾಕ್ದೆ. ಈಗ ನನಗೇ ಹಾಕಿ ಕಳಿಸಿದಾರೆ. ಕತ್ತರಿ ಕೈಗೆ ತಗೊಂಡ್ರೆ ಮಾತ್ರ ಎದ್ದು ಬಂದ್ಬಿಡ್ತೀನಿ.”

*

“ನಾನು ಒಪ್ಪಿಸದೆ ಇದ್ದಿದ್ರೆ?”

“ಇನ್ನೂ ಬೇಗ ಹೋಗ್ತಿದ್ರೋ, ಇನ್ನಷ್ಟು ದಿನ ಇರ್ತಿದ್ರೋ,” ಮಗಳ ದನಿ ಸಣ್ಣಗಾಯಿತು. “ಡಾಕ್ಟರನ್ನೂ ಕೇಳ್ದೆ ಅಮ್ಮ. ಅವರಿಗೂ ಗೊತ್ತಿಲ್ಲ.”

ಹೊರಗೆ ಗಾಡಿ ಒಮ್ಮೆ ಹಾರ್ನ್ ಹಾಕಿ, ತಪ್ಪಾಯಿತೆಂಬಂತೆ ಸುಮ್ಮನಾಯಿತು.

“ಅತ್ತಿಗೆ, ನೀರು ಆರ್ತಿದೆ.”

ಅವಳು ಮುಂದೆ ಬಾಗಿ, ಗೆರೆಗಳ ಮೇಲೆ ಅಂಗೈ ಅಗಲಿಸಿ ಇಟ್ಟಳು.

“ಹಾಕಪ್ಪಾ.”

ಮೊದಲ ಚೊಂಬಿನ ನೀರು ಅವಳ ಕೈಯನ್ನು ಬಳಸಿಕೊಂಡು ಎರಡೂ ಪಕ್ಕಕ್ಕೆ ಇಳಿಯಿತು. ಎರಡನೆಯದಕ್ಕೆ ಅವಳ ಬೆರಳ ಸಂದಿಯಿಂದ ನೇರಳೆ ಬಣ್ಣ ಸಣ್ಣಗೆ ಒಸರತೊಡಗಿತು. ಅವಳು ಕೈಯನ್ನು ಇನ್ನಷ್ಟು ಒತ್ತಿ ಹಿಡಿದಳು.