ಎತ್ತಪ್ಪನ ನಿದ್ದೆ

ಚಿತ್ರದುರ್ಗದ ಒಂದು ಆಸ್ಪತ್ರೆಯಲ್ಲಿ ರೋಗಿಗಳಿಗೆ ಅರಿವಳಿಕೆ ಕೊಡುವವಳು ಡಾಕ್ಟರ್ ದೇವಿಕಾ. ಹೊಳಲ್ಕೆರೆ ಕಡೆಯವಳು. ನಾಳೆ ಯಾರನ್ನು ಮಲಗಿಸಬೇಕೋ ಅವರೊಡನೆ ಇಂದು ಕೂತು ಮಾತಾಡದಿದ್ದರೆ ಅವಳಿಗೆ ಸಮಾಧಾನವಿಲ್ಲ. ಅಂದು ಮಧ್ಯಾಹ್ನ ಎತ್ತಪ್ಪನ ಮಂಚದ ಬಳಿ ಸ್ಟೂಲು ಎಳೆದುಕೊಂಡು ಕೂತಳು.

ಎತ್ತಪ್ಪ ಹಾಲುರಾಮೇಶ್ವರದ ಆಚೆಯ ಹಳ್ಳಿಯ ಕುರಿಗಾಹಿ. ಕೆಲವು ತಿಂಗಳಿಂದ ತಲೆನೋವು. ಆಮೇಲೆ ಬಲಗೈಯಲ್ಲಿ ಕೋಲು ನಿಲ್ಲದಾಯಿತು. ಸ್ಕ್ಯಾನ್ ಮಾಡಿಸಿದಾಗ ಮಿದುಳನ್ನು ಒತ್ತುತ್ತಿದ್ದ ಗೆಡ್ಡೆ ಕಂಡಿತ್ತು.

"ಬೀಡಿ ಸೇದ್ತೀರಾ?" ದೇವಿಕಾ ಕೇಳಿದಳು.

"ಬಿಟ್ಟೀನಿ ತಾಯಿ."

"ಯಾವಾಗ?"

ಅವನು ಕಿಟಕಿಯತ್ತ ಮುಖ ತಿರುಗಿಸಿದ. ಹೆಂಡತಿ ಜುಂಜಮ್ಮ ಸೆರಗು ಬಾಯಿಗೆ ಹಿಡಿದು ನಕ್ಕಳು. "ಈ ಆಸ್ಪತ್ರೆಗೆ ಬಂದ್ಮೇಲೆ ಬಿಟ್ಟವ್ರೆ, ಡಾಕ್ಟ್ರಮ್ಮ. ಇಲ್ಲಿ ಸೇದಕ್ಕೆ ಯಾರು ಬಿಡ್ತಾರೆ?"

ಎತ್ತಪ್ಪನೂ ನಗಲು ಹೋಗಿ ಕೆಮ್ಮಿದ. ಎದೆಯ ತಳದಿಂದ ಎದ್ದ ಆ ಕೆಮ್ಮು ಬೇಗ ನಿಲ್ಲಲಿಲ್ಲ. ನಿಂತ ಮೇಲೆ ದನಿ ತಗ್ಗಿಸಿ ಹೇಳಿದ: "ಕೊಯ್ಯೋದಕ್ಕೆ ನಾನು ಹೆದ್ರಲ್ಲ ತಾಯಿ. ಆ ನಿದ್ದೆಗೇ ಹೆದ್ರಿಕೆ. ನಮ್ಮಣ್ಣ ದೊಡ್ಡತಿಮ್ಮಪ್ಪಂಗೆ ಎಲ್ಲೋ ಕಾಲು ಆಪರೇಷನ್ ಮಾಡಿದ್ರು. ಎದ್ದೋನು ಇಡೀ ದಿನ ಕೂಗಾಡ್ದ. ಹೆತ್ತ ಮಗನ ಗುರ್ತೂ ಸಿಗ್ಲಿಲ್ಲ."

"ನಿಮ್ಮನ್ನ ಮಲಗ್ಸಿ ನಾನು ಎದ್ದು ಹೋಗಲ್ಲ. ಏಳೋತನಕ ನಿಮ್ಮ ತಲೆ ಹತ್ರನೇ ಇರ್ತೀನಿ," ಎಂದಳು ದೇವಿಕಾ.

ಸಂಜೆ ಕ್ಯಾಂಟೀನಿನಲ್ಲಿ ಶಸ್ತ್ರಚಿಕಿತ್ಸಕ ಪ್ರಭುಲಿಂಗ ಚಹಾ ಹಿಡಿದು ಎದುರಿಗೆ ಕೂತ. ತಲೆಯೊಳಗಿನ ಕೆಲಸದಲ್ಲಿ ಪಳಗಿದ ಕೈ ಅವನದು, ಅವಸರದ ಸ್ವಭಾವ.

"ಡೆಸ್‌ಫ್ಲುರೇನ್ ಗ್ಯಾಸೇ ಕೊಡ್ತೀರಲ್ಲ, ಎತ್ತಪ್ಪನಿಗೆ? ಗ್ಯಾಸ್ ನಿಲ್ಲಿಸಿದ ತಕ್ಷಣ ಎದ್ದು ಕೂರ್ತಾರೆ. ಕೈಕಾಲು ಆಡುತ್ತಾ ಅಂತ ಅಲ್ಲೇ ನೋಡಿಬಿಡಬಹುದು."

"ಈ ಮನುಷ್ಯನಿಗೆ ಬೇಡ. ಅದು ಗಂಟಲಿಗೆ ಖಾರ. ಬೀಡಿ ಸೇದಿದ ಎದೆಗೆ ಅದು ತಾಗಿದ್ರೆ ಏಳುವಾಗ ಕೆಮ್ಮು ಹತ್ತುತ್ತೆ. ಕೆಮ್ಮಿದ್ರೆ ತಲೆಯೊಳಗೆ ಒತ್ತಡ ಏರುತ್ತೆ. ನೀವು ಆಗಷ್ಟೇ ಹೊಲಿದ ಜಾಗದಲ್ಲಿ ರಕ್ತ ಒಸರಿದ್ರೆ? ಸೆವೊಫ್ಲುರೇನ್ ಕೊಡ್ತೀನಿ, ಅದು ಮೆತ್ತಗೆ."

"ಏಳೋದು ತಡವಾಗುತ್ತೆ."

"ಸ್ವಲ್ಪ ಕಾಯ್ರಿ."

"ತಲೆ ತೆರೆಯೋನು ನಾನು ಕಣ್ರೀ!"

"ಮಲಗಿಸೋಳು ನಾನು. ಎಬ್ಬಿಸೋಳೂ ನಾನೇ."

ಪ್ರಭುಲಿಂಗ ನಕ್ಕು ಚಹಾ ಮುಗಿಸಿದ.

ಮರುದಿನ ಬೆಳಿಗ್ಗೆ ಎಲ್ಲವೂ ಹದವಾಗಿ ಶುರುವಾಯಿತು. ಆದರೆ ತಲೆಬುರುಡೆ ತೆರೆದು ಒಳಪೊರೆ ಬಿಡಿಸಿದೊಡನೆ ಪ್ರಭುಲಿಂಗನ ಕೈ ನಿಂತಿತು.

"ದೇವಿಕಾ, ಮಿದುಳು ಉಬ್ಬಿ ಬರ್ತಾ ಇದೆ. ಕೈ ಹಾಕೋಕೆ ಜಾಗ ಇಲ್ಲ."

ಕಾರಣ ದೇವಿಕಾಳಿಗೆ ತಕ್ಷಣ ಹೊಳೆಯಿತು. ಉಸಿರಿನ ಮೂಲಕ ಕೊಡುವ ಈ ಅನಿಲಗಳ ಗುಣವೇ ಅಂಥದ್ದು. ಹೆಚ್ಚಾದರೆ ಮಿದುಳಿನ ರಕ್ತನಾಳಗಳನ್ನು ಹಿಗ್ಗಿಸುತ್ತವೆ. ಸೆವೊಫ್ಲುರೇನಿನಲ್ಲಿ ಆ ಕಾಟ ಕಡಿಮೆ, ಅದನ್ನೂ ಅವಳು ಅಳೆದೇ ಕೊಟ್ಟಿದ್ದಳು. ಆದರೂ ಈ ತಲೆಗೆ ಅಷ್ಟೂ ಹೆಚ್ಚಾಗಿತ್ತು. ನಿನ್ನೆ ಅಷ್ಟು ವಾದಿಸಿ ಆರಿಸಿಕೊಂಡದ್ದನ್ನು ಈಗ ತನ್ನ ಕೈಯಾರೆ ಬಿಡಬೇಕು. ಅದಕ್ಕೆ ಅವಳು ಹಿಂದೆಮುಂದೆ ನೋಡಲಿಲ್ಲ.

"ಗ್ಯಾಸ್ ನಿಲ್ಲಿಸ್ತಾ ಇದೀನಿ. ಒಂದು ಗಳಿಗೆ ತಡೀರಿ."

ಅನಿಲದ ಗುಂಡಿ ತಿರುಗಿಸಿ ಮುಚ್ಚಿದಳು. ರಕ್ತನಾಳಕ್ಕೆ ಹರಿಯುತ್ತಿದ್ದ ನಿದ್ದೆಯ ಔಷಧವನ್ನು ಏರಿಸಿದಳು. ಮೇಜಿನ ತಲೆಭಾಗ ಎತ್ತಿಸಿ, ಯಂತ್ರ ಕೊಡುತ್ತಿದ್ದ ಉಸಿರನ್ನು ತುಸು ಚುರುಕು ಮಾಡಿದಳು. ಪರದೆಯ ಮೇಲಿನ ಗೆರೆಗಳಿಂದ ಕಣ್ಣು ಕೀಳಲಿಲ್ಲ. ಉಬ್ಬಿದ್ದ ಮಿದುಳು ನಿಧಾನವಾಗಿ ಇಳಿಯಿತು.

"ಆಹಾ, ಈಗ ಸರಿಹೋಯ್ತು," ಎಂದ ಪ್ರಭುಲಿಂಗ. ಕ್ಯಾಂಟೀನಿನ ಮಾತನ್ನು ಎತ್ತಿ ಅವನು ಚುಚ್ಚಬಹುದಿತ್ತು, ಚುಚ್ಚಲಿಲ್ಲ. ಆಮೇಲಿನ ಕೆಲಸ ಸಲೀಸಾಗಿ ಸಾಗಿ, ಗೆಡ್ಡೆ ಪೂರ್ತಿ ಹೊರಬಂತು.

ಹೊಲಿಗೆ ಮುಗಿದ ಮೇಲೆ ದೇವಿಕಾ ಎತ್ತಪ್ಪನ ತಲೆಯ ಬಳಿ ಬಾಗಿ ನಿಂತಳು. ಔಷಧ ಇಳಿಯಲು ಹೊತ್ತು ಹಿಡಿಯಿತು. ಪ್ರಭುಲಿಂಗ ಗೋಡೆಗೊರಗಿ ಕಾದ. ಕೊನೆಗೆ ರೆಪ್ಪೆ ಅಲುಗಿತು, ಉಸಿರು ತಾನಾಗಿ ಆಡತೊಡಗಿತು. ಉಸಿರಿನ ಕೊಳವೆಯನ್ನು ಮೆಲ್ಲನೆ ಈಚೆ ತೆಗೆದಳು. ಗಂಟಲಲ್ಲಿ ಸಣ್ಣದೊಂದು ಗುರುಗುರು, ಅಷ್ಟೇ. ಕೆಮ್ಮು ಬರಲಿಲ್ಲ.

"ಎತ್ತಪ್ಪಾರೆ, ನನ್ನ ಬೆರಳು ಹಿಡೀರಿ."

ಕೋಲು ಕೂಡ ನಿಲ್ಲದಿದ್ದ ಬಲಗೈ ಬಂದು ಅವಳ ಬೆರಳನ್ನು ಬಿಗಿಯಾಗಿಯೇ ಹಿಡಿಯಿತು.

"ಯಾಕೆ ತಾಯಿ, ಇವತ್ತು ಕೊಯ್ಯಲ್ವಾ?" ಎಂದ ಎತ್ತಪ್ಪ, ತೊದಲುತ್ತ.

"ಆಗ್ಲೇ ಮುಗೀತು ಕಣಪ್ಪ!" ಪ್ರಭುಲಿಂಗ ಗಟ್ಟಿಯಾಗಿ ನಕ್ಕುಬಿಟ್ಟ.

ಜುಂಜಮ್ಮನನ್ನು ಒಳಗೆ ಕರೆದರು. ಬ್ಯಾಂಡೇಜು ಸುತ್ತಿದ ತಲೆ ಕಂಡು ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಎತ್ತಪ್ಪ ಕಣ್ಣರಳಿಸಿ ನೋಡಿ, "ಜುಂಜೀ, ಉಂಡ್ಯಾ?" ಎಂದ. ಅವಳು ಅಳುತ್ತಲೇ ಇಲ್ಲವೆಂದು ತಲೆಯಾಡಿಸಿದಳು.

ತುಸು ಹೊತ್ತಿನ ಮೇಲೆ ಹೊರಗಿನ ಬೆಂಚಿನಲ್ಲಿ ಜುಂಜಮ್ಮ ಬುತ್ತಿ ಬಿಚ್ಚಿದವಳು, ಹಾದುಹೋಗುತ್ತಿದ್ದ ದೇವಿಕಾಳನ್ನು ಕೈಹಿಡಿದು ನಿಲ್ಲಿಸಿದಳು.

"ನೀವೂ ಏನೂ ತಿಂದಿಲ್ಲ, ಮುಖ ನೋಡಿದ್ರೆ ಗೊತ್ತಾಗ್ತೈತೆ. ಕುಂತ್ಕಳ್ರಿ."

ದೇವಿಕಾ ಕೂತಳು. ರೊಟ್ಟಿ ತಣ್ಣಗಾಗಿತ್ತು, ಶೇಂಗಾ ಚಟ್ನಿ ಖಾರವಾಗಿತ್ತು. ಇಬ್ಬರೂ ಹೊಟ್ಟೆ ತುಂಬ ಉಂಡರು.