ಆರು ನಂಬರಿನ ಜೋಡಿ

ಶೂ ಅಂಗಡಿಯಲ್ಲಿ ಅವನಿಗೆ ಇಂಚುಪಟ್ಟಿ ಎಂದೇ ಹೆಸರು. ಗಿರಾಕಿ ಬಾಗಿಲು ದಾಟಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಕಾಲು ನೋಡಿ ನಂಬರು ಹೇಳಿಬಿಡುತ್ತಿದ್ದ, ಹೇಳಿದ್ದು ತಪ್ಪಿದ್ದೇ ಇಲ್ಲ. ಆ ಜಂಬವೇ ಅವನ ಕಾಯಿಲೆ. ಬಂದವರನ್ನು ಬರಿಗೈಯಲ್ಲಿ ಕಳಿಸಿದ ದಿನ ಅವನಿಗೆ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ.

ಆ ಮಧ್ಯಾಹ್ನ ಬಂದ ಹೆಂಗಸು ಸೀದಾ ಹಳೇ ಮಾದರಿಯ ಓಟದ ಶೂಗಳ ಕಪಾಟಿನ ಮುಂದೆ ನಿಂತರು. ಈಗ ಅದೇ ಫ್ಯಾಷನ್ನು ನೋಡಿ! ಅಪ್ಪಂದಿರು ಮೈದಾನದಲ್ಲಿ ಸವೆಸಿ ಬಿಸಾಡಿದ್ದನ್ನೇ ಮಕ್ಕಳು ಹುಡುಕಿಕೊಂಡು ಬರುತ್ತಾರೆ. ತೆಳ್ಳನೆ ಮೂತಿ, ಮೆತ್ತನೆ ಚರ್ಮ, ಜೇನುಬಣ್ಣದ ಅಟ್ಟೆ, ಪಕ್ಕದಲ್ಲೊಂದು ಹಸಿರು ಪಟ್ಟಿ.

"ಕಾಲೇಜಲ್ಲಿ ಓಡೋವಾಗ ಇಂಥದ್ದೇ ಇತ್ತು ನಂಗೆ," ಎಂದರು ಆಕೆ, ಸ್ವಲ್ಪ ನಾಚಿಕೊಂಡು. "ಈಗೇನು ಓಡಲ್ಲ ಬಿಡಿ. ದಿನವಿಡೀ ನಿಂತು ಮಾಡೋ ಕೆಲ್ಸ, ಕಾಲಿಗೆ ಹಾಯಾಗಿರ್ಬೇಕು. ಜೀನ್ಸ್‌ಗೂ ಒಪ್ಪಿದ್ರೆ ಆಯ್ತು."

ಅವನು ಕಾಲು ನೋಡಿದ. ಏಳು, ಅನುಮಾನವೇ ಇಲ್ಲ. ಹಸಿರು ಪಟ್ಟಿಯದು ಉಳಿದಿದ್ದು ಒಂದೇ ಜೋಡಿ, ಅದೂ ಆರು. ಏಳರಲ್ಲಿ ನೀಲಿ ಪಟ್ಟಿಯದಿತ್ತು, ಆದರೆ ಆಕೆಯ ಕಣ್ಣು ಹಸಿರಿನ ಮೇಲೇ ನೆಟ್ಟಿತ್ತು. "ಇಲ್ಲ" ಎನ್ನುವುದಕ್ಕೆ ಈ ಮಹಾಶಯನಿಗೆ ನಾಲಿಗೆ ಏಳಬೇಕಲ್ಲ! ಒಳಕೋಣೆಗೆ ಹೋಗಿ ಎರಡೂ ಶೂಗಳ ಒಳಗಿನ ಮೆತ್ತೆ ಕಿತ್ತು ಜೇಬಿಗೆ ಹಾಕಿಕೊಂಡ. ಮೆತ್ತೆ ತೆಗೆದರೆ ಪಾದಕ್ಕೆ ಅಷ್ಟು ಜಾಗ ಹೆಚ್ಚು ಸಿಗುತ್ತದೆ. ಅವನೇ ಕಂಡುಹಿಡಿದ ಕರಾಮತ್ತು ಇದು. ಲೇಸು ಸಡಿಲ ಬಿಟ್ಟು, ಕೂರಿಸಿಯೇ ಹಾಕಿಸಿದ. ಎದ್ದು ನಿಲ್ಲಿ ಎನ್ನಲಿಲ್ಲ.

"ಸ್ವಲ್ಪ ಬಿಗಿ ಅನ್ಸುತ್ತಲ್ವಾ?"

"ಹೊಸದಲ್ವಾ ಮೇಡಂ. ಎರಡೇ ದಿನ, ಆಮೇಲೆ ನಿಮ್ ಮಾತು ಕೇಳುತ್ತೆ."

ಆಕೆ ನಕ್ಕರು, ನಂಬಿದರು. ಡಬ್ಬಿಗೆ ಹಾಕುವಾಗ ಅವನು ಮೆತ್ತೆಗಳನ್ನು ಮತ್ತೆ ಒಳಗೆ ತೂರಿಸಿದ.

ಮೂರು ವಾರ ಕಳೆದು ಅವನ ಅಮ್ಮನಿಗೆ ಮಂಡಿ ಆಪರೇಷನ್ ಆಯಿತು. ನಡೆಯುವುದಕ್ಕೆಂದು ಅವನೇ ಒಂದು ಜೊತೆ ಮೆತ್ತನೆಯ ಶೂ ತಂದುಕೊಟ್ಟಿದ್ದ. ಮಗ ತಂದಿದ್ದಲ್ಲವೇ, ಅಮ್ಮ ಅಳತೆ ನೋಡುವ ಗೋಜಿಗೇ ಹೋಗಿರಲಿಲ್ಲ. ಎರಡನೇ ದಿನ ಆಸ್ಪತ್ರೆಯಲ್ಲಿ ಅವಳನ್ನು ನಡೆಸಲು ಫಿಸಿಯೋ ಮೇಡಂ ಬಂದರು. ಅವನ ಕಣ್ಣಿಗೆ ಮೊದಲು ಬಿದ್ದದ್ದು ಹಸಿರು ಪಟ್ಟಿ, ಆಮೇಲೆ ಮುಖ. ಶೂಗಳ ಹಿಂಭಾಗವನ್ನು ತುಳಿದು ಚಪ್ಪಟೆ ಮಾಡಿ ಚಪ್ಪಲಿಯ ಹಾಗೆ ಮೆಟ್ಟಿಕೊಂಡಿದ್ದರು. ಅವನು ತಟ್ಟನೆ ಕಿಟಕಿಯ ಕಡೆ ತಿರುಗಿ ಫೋನು ನೋಡುವವನಂತೆ ನಿಂತ.

"ಹಿಮ್ಮಡಿ ಮೊದ್ಲು ಅಮ್ಮಾ, ಆಮೇಲೆ ಬೆರಳು. ಹಾಂ, ಹಾಗೆ. ಕುಂಟಬೇಡಿ."

"ನೀವೇ ಕುಂಟ್ತಿದೀರಲ್ಲ ತಾಯಿ, ನಂಗೇನು ಹೇಳ್ಕೊಡ್ತೀರಿ!" ಎಂದು ಅಮ್ಮ ನಕ್ಕಳು.

"ನನ್ ಕಾಲೇ ಸರಿಯಿಲ್ಲಮ್ಮ. ಎರಡು ದಿನಕ್ಕೆ ಸರಿಹೋಗುತ್ತೆ ಅಂದಿದ್ರು ಅಂಗಡೀಲಿ. ವಯಸ್ಸಾಯ್ತಲ್ಲ, ಪಾದ ಅಗಲ ಆಗ್ಬಿಟ್ಟಿದೆ."

ತನ್ನ ಕಾಲನ್ನೇ ಬೈದುಕೊಳ್ಳುತ್ತಿದ್ದರು ಪುಣ್ಯಾತ್ಗಿತ್ತಿ! ಅಂಗಡಿಗೆ ಬಂದು ಅವನ ಮುಖಕ್ಕೆ ಎಸೆದಿದ್ದರೂ ವಾಸಿಯಿತ್ತು. ನಾಚಿಕೆಯಿಂದ ಅವನ ಕಿವಿ ಸುಟ್ಟುಹೋಯಿತು, ಭೂಮಿ ಬಾಯಿ ಬಿಡಬಾರದೇ ಎನಿಸಿತು. ಆಸ್ಪತ್ರೆಯ ನೆಲ, ಜಪ್ಪಯ್ಯ ಅನ್ನಲಿಲ್ಲ.

ಅಷ್ಟಕ್ಕೇ ಮುಗಿಯಿತೇ? ಅಮ್ಮ ಸುಮ್ಮನಿರಬೇಕಲ್ಲ.

"ಅಯ್ಯೋ, ನನ್ ಮಗನಿಗೆ ತೋರ್ಸಿ! ಶೂ ಅಂಗಡೀಲೇ ಕೆಲ್ಸ ಅವ್ನಿಗೆ. ಕಾಲು ನೋಡಿದ್ರೆ ಸಾಕು, ನಂಬರ್ ಹೇಳ್ಬಿಡ್ತಾನೆ. ಒಬ್ರಿಗೂ ಮೋಸ ಮಾಡಿದೋನಲ್ಲ. ಏ, ಆ ಫೋನ್ ಬಿಟ್ಟು ಬಾರೋ ಇಲ್ಲಿ!"

ತಿರುಗಲೇಬೇಕಾಯಿತು. ಮೇಡಂ ಅವನನ್ನು ನೋಡಿದರು. ಗುರುತು ಹತ್ತಿತು, ಅದು ಅವನಿಗೂ ಗೊತ್ತಾಯಿತು. ಆಕೆ ಒಂದು ಕ್ಷಣ ಅಮ್ಮನ ಕಡೆ ನೋಡಿ, "ಪರವಾಗಿಲ್ಲ ಬಿಡಿಮ್ಮ, ಅವ್ರಿಗ್ಯಾಕೆ ತೊಂದ್ರೆ," ಎಂದರು.

ತಪ್ಪಿಸಿಕೊಳ್ಳಲು ಆಕೆಯೇ ದಾರಿ ಬಿಟ್ಟುಕೊಟ್ಟಿದ್ದರು. ಅಮ್ಮನ ಮುಖ ಹೆಮ್ಮೆಯಿಂದ ಅರಳಿತ್ತು. ಅದನ್ನು ಹಾಗೇ ಉಳಿಸಲು ಒಂದು ಸಣ್ಣ ಸುಳ್ಳು ಸಾಕಿತ್ತು, ಸುಳ್ಳಿಗೆ ಅವನ ಹತ್ತಿರ ಬರವೇ? ಆದರೆ ಬಾಯಿಗೆ ಒಂದೂ ಬರಲಿಲ್ಲ. ಅಮ್ಮನನ್ನು ಮಂಚದ ಅಂಚಿಗೆ ಕೂರಿಸಿ, ಮೇಡಂಗೆ ಕುರ್ಚಿ ಎಳೆದು, ಅವರ ಮುಂದೆ ಮಂಡಿಯೂರಿದ. ಶೂ ಬಿಚ್ಚಿದ. ಹೆಬ್ಬೆರಳಿನ ಉಗುರು ಕಪ್ಪಾಗಿತ್ತು. ಹಿಮ್ಮಡಿಗೆ ಬ್ಯಾಂಡೇಜು ಅಂಟಿಸಿದ್ದರು.

"ಎಷ್ಟು ನಂಬರೋ?" ಅಮ್ಮ ಕೇಳಿದಳು.

"ಏಳು."

"ಮತ್ತೆ ಈ ಶೂ?"

"ಆರು." ತಲೆ ಎತ್ತಲಾಗಲಿಲ್ಲ ಅವನಿಗೆ. "ನಾನೇ ಮಾರಿದ್ದಮ್ಮ. ಗೊತ್ತಿದ್ದೇ ಮಾರ್ದೆ. ಒಳಗಿನ ಮೆತ್ತೆ ಕಿತ್ತು ಹಾಕ್ಸಿದ್ದೆ, ತಿಳೀಬಾರ್ದು ಅಂತ. ತಪ್ಪಾಯ್ತು ಮೇಡಂ. ನೀಲಿ ಪಟ್ಟೀದು ಏಳು ನಂಬರ್ ಇದೆ, ಈಗ್ಲೇ ತರ್ತೀನಿ, ನಿಲ್ಸಿ ನೋಡಿ ಕೊಡ್ತೀನಿ."

ಮೇಡಂ, "ಹೂಂ, ತನ್ನಿ," ಎಂದಷ್ಟೇ ಅಂದರು. ಅವನು ಎದ್ದು ಬಾಗಿಲ ಹತ್ತಿರ ಹೋದಾಗ, ಅವನು ತಂದುಕೊಟ್ಟ ಶೂ ಇದ್ದ ಕಾಲನ್ನು ಅಮ್ಮ ನಿಧಾನವಾಗಿ ಮುಂದೆ ಚಾಚಿದಳು.

"ಇದು ನನ್ ಅಳತೇದೇ ತಾನೇನೋ?"

ಅಳತೆ ಸರಿಯಾಗಿಯೇ ಇತ್ತು. ಆದರೆ ಅಮ್ಮ ಕೇಳಿಬಿಟ್ಟಿದ್ದಳು.