ತೊಟ್ಟಿಲಿಳಿದ ಬಾತುಮರಿಗಳು

ನನ್ನ ಕೈಗುಣ ಒಳ್ಳೆಯದು. ಮಿಶ್ರಿಕೋಟಿಯಲ್ಲಿ ಯಾರನ್ನಾದರೂ ಕೇಳಿ. ಫಕೀರವ್ವನಿಗೆ ಜಂಬ ಬಹಳ ಎಂದು ಮೂತಿ ತಿರುವುವವರೂ ಈ ಮಾತನ್ನು ಇಲ್ಲ ಅನ್ನುವುದಿಲ್ಲ.

ಬಾತುಕೋಳಿಯ ಮೊಟ್ಟೆ ಕೊಟ್ಟವಳು ಬಾಜು ಮನೆಯ ಮೈಮುನಬಿ. ನಮ್ಮ ಕೋಳಿಯನ್ನು ಕಾವಿಗೆ ಕೂರಿಸಿದೆ. ಮರಿಗಳೇನೋ ಆದವು. ಆದರೆ ಅವು ದನ ಕುಡಿಯುವ ನೀರಿನತ್ತ ಓಡಿದ್ದೇ ತಡ, ಕೋಳಿ ಗಾಬರಿಯಾಗಿ ಕೂಗಿ, ಕುಕ್ಕಿ, ಕೊನೆಗೆ ಇವು ನನ್ನವೇ ಅಲ್ಲ ಎಂಬಂತೆ ಬಿಟ್ಟು ನಡೆಯಿತು. ಭಲೇ ತಾಯಿ! ಬೆಕ್ಕಿನ ಕಾಟಕ್ಕೆ ಮರಿಗಳನ್ನು ನೆಲದ ಮೇಲೆ ಇಡುವಂತಿರಲಿಲ್ಲ. ಅಟ್ಟದ ಮೇಲಿದ್ದ ಬಣ್ಣದ ಕಲಘಟಗಿ ತೊಟ್ಟಿಲು ಇಳಿಸಿ, ಗೋಣಿಚೀಲ ಹಾಸಿ, ಮೇಲೊಂದು ಬಲ್ಬು ಕಟ್ಟಿ ಅದರಲ್ಲೇ ಮಲಗಿಸಿದೆ.

ನನ್ನ ಮಗಳು ಸುನೀತಾ ಬೆಳೆದ ತೊಟ್ಟಿಲು ಅದು. ಅವಳ ಕೂಸಿಗೂ ಅದೇ ಎಂದು ಎತ್ತಿಟ್ಟಿದ್ದೆ. ಹೆರಿಗೆಯ ಹೊತ್ತಿಗೆ ಚಳಿ ಕಳೆದಿರುತ್ತದೆ, ಮರಿಗಳೂ ಹೊರಗೆ ಹೋಗಿರುತ್ತವೆ ಎಂಬ ಲೆಕ್ಕ ನನ್ನದು. ಕೂಸಿಗೆ ಆ ಲೆಕ್ಕ ಗೊತ್ತಿರಬೇಕಲ್ಲ! ಎಳ್ಳಮಾಸಿಯ ಚಳಿಯಲ್ಲೇ ಹುಟ್ಟಿತು. ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಬೀಗರು ಬರುವ ದಿನವೂ ಗೊತ್ತಾಯಿತು.

ಕೂಸಿನೊಂದಿಗೆ ಮನೆಗೆ ಬಂದ ಸುನೀತಾ ತೊಟ್ಟಿಲೊಳಗೆ ಇಣುಕಿ ಬೆಚ್ಚಿದಳು.

"ಯವ್ವಾ, ಇವನ್ನ ಹೊರಗ ಹಾಕಿ ಒಂದ ಸತ್ರೂ ನನ್ನ ಕೂಸನ್ನ ಇದರಾಗ ಮಲಗಸಂಗಿಲ್ಲ ನೋಡು. ಆ ತೊಟ್ಟಲ ನಮಗ ಆಗಿಬರಂಗಿಲ್ಲ."

ಮೈಮುನಬಿಯೂ ದನಿಗೂಡಿಸಿದಳು: "ಈ ಥಂಡ್ಯಾಗ ಬಿಟ್ರ ಅಗದಿ ಕಟ್ಟಿಗಿ ಆಗ್ತಾವ ಬೇ ಫಕೀರವ್ವಾ."

"ನಿನ್ನ ಬಾಯಾಗ ಮಣ್ಣ ಬೀಳ್ಲಿ!" ಎಂದೆ.

ಅಂದೆನೇ ಹೊರತು ಹೆದರಿಕೆ ನನಗೂ ಇತ್ತು. ಮರಿಗಳಿಗೆ ಚಳಿ ರೂಢಿಯಾಗಲೆಂದು ಬಲ್ಬನ್ನು ದಿನದಿನಕ್ಕೆ ಸ್ವಲ್ಪ ಸ್ವಲ್ಪ ಮೇಲೇರಿಸಿದೆ. ಬಿಸಿಲೇರಿದಾಗ ಮರಿಗಳನ್ನು ಅಂಗಳಕ್ಕೆ ಬಿಟ್ಟು, ಇಳಿಯುವ ಮೊದಲು ಒಳಗೆ ತಂದೆ. ತೊಯ್ದ ಮರಿಗೆ ಚಳಿ ಬೇಗ ಹತ್ತುತ್ತದೆಂದು ಕೊಕ್ಕು ಅದ್ದುವಷ್ಟೇ ನೀರು ಕೊಟ್ಟೆ. ಹೊಟ್ಟೆಯಡಿಯೂ ಗರಿ ಬಂದದ್ದನ್ನು ಬೆರಳಾಡಿಸಿ ನೋಡಿದ ಮೇಲೆಯೇ, ಕಾರ್ಯದ ಹಿಂದಿನ ದಿನ, ಕೊಟ್ಟಿಗೆಯ ಗೋಡೆಯ ಮರೆಗೆ ಗೂಡು ಕಟ್ಟಿ, ದಪ್ಪಗೆ ಭತ್ತದ ಹುಲ್ಲು ತುಂಬಿ ಬಿಟ್ಟೆ. ತೊಟ್ಟಿಲನ್ನು ಬಿಸಿನೀರಲ್ಲಿ ತಿಕ್ಕಿ ತೊಳೆದೆ.

ಬೆಳಗ್ಗೆ ಎದ್ದವಳೇ ಓಡಿದೆ. ಅಂಗಳದ ತುಂಬ ಇಬ್ಬನಿ. ಗೂಡಿನ ಬಾಗಿಲು ತೆಗೆದರೆ ಸದ್ದೇ ಇಲ್ಲ, ಒಂದು ಮರಿಯೂ ಕಾಣಲಿಲ್ಲ. ಹುಲ್ಲಿನೊಳಗೆ ಕೈ ತೂರಿಸಿದೆ. ಬೆಚ್ಚಗಿತ್ತು! ಒಳಗಿದ್ದ ಒಂದು ಮರಿ ನನ್ನ ಬೆರಳನ್ನೇ ಕಚ್ಚಿತು. ಆಮೇಲೆ ನೋಡಬೇಕಿತ್ತು ಅವುಗಳ ಗತ್ತು! ಹುಲ್ಲು ಕೊಡವಿಕೊಂಡು ಒಂದರ ಹಿಂದೊಂದು ಎಲ್ಲವೂ ಹೊರಬಿದ್ದು ಇಬ್ಬನಿಯಲ್ಲೇ ಗದ್ದಲ ಎಬ್ಬಿಸಿದವು. ಮೈಮುನಬಿ ಶಾಲು ಹೊದ್ದು ನಡುಗುತ್ತ ಗೋಡೆಯಾಚೆ ನಿಂತಿದ್ದಳು.

"ಕಟ್ಟಿಗಿ ಆದಾಕಿ ನೀನ ನೋಡು!" ಎಂದೆ. ಹಲ್ಲು ಕಟಗುಟ್ಟುತ್ತಲೇ ನಕ್ಕಳು.

ಬೀಗತಿ ಬಂದವರೇ ತೊಟ್ಟಿಲ ಮೇಲೆ ಕೈಯಾಡಿಸಿದರು. "ಹೊಸಾದೇನ್ರಿ?"

ಹೂಂ ಅನ್ನು ಎಂದು ಸುನೀತಾ ಸನ್ನೆ ಮಾಡಿದಳು. ನಾನ್ಯಾಕೆ ಹೂಂ ಅನ್ನಲಿ?

"ಹೊಸಾದಲ್ರಿ. ನಿನ್ನೀತನಕ ಇದರಾಗ ಮಲಗಿದ್ದವು ಅಲ್ಲಿ ಹೊಂಟಾವ ನೋಡ್ರಿ. ಒಂದೂ ಕಮ್ಮಿ ಆಗಿಲ್ಲ."

ಬೀಗತಿ ಅಂಗಳ ನೋಡಿದರು. ಥಂಡಿಗಾಳಿಗೆ ಎದೆ ಕೊಟ್ಟು ನನ್ನ ಮರಿಗಳು ನಡೆದಿದ್ದವು. ಸುನೀತಾ ಮಡಿಲ ಕೂಸನ್ನು ಅವುಚಿಕೊಂಡಳು. ಬೀಗತಿ ಅವಳ ಮಡಿಲಿನಿಂದ ಮೊಮ್ಮಗಳನ್ನು ಎತ್ತಿ ನನ್ನ ಕೈಗೇ ಕೊಟ್ಟರು.

"ನೀವ ಮಲಗಸ್ರಿ," ಅಂದರು. "ನಿಮ್ಮ ಕೈಗುಣ ಛಲೋ ಐತಿ."